ಬಾರ್ಬಡೋಸ್ ರೆಸಾರ್ಟಿನಿಂದ ಅರ್ಧ ದಿನ: ಗ್ಯಾರಿಸನ್ನೋ, ಕಬ್ಬಿನ ಎಸ್ಟೇಟೋ, ಓವಲ್ಲೋ?

ಅಮೆರಿಕ, ಕೆನಡಾದ ಚಳಿ ತಪ್ಪಿಸಿಕೊಂಡು ಬಾರ್ಬಡೋಸಿಗೆ ಒಂದು ವಾರ ಬರುವವರಲ್ಲಿ ಹೆಚ್ಚಿನವರಿಗೆ ಮೂರನೆಯ ದಿನಕ್ಕೆ ಬೀಚು ಸಾಕಾಗುತ್ತದೆ. ರೆಸಾರ್ಟಿನ ಲಾಬಿಯಲ್ಲಿ ಟೂರು ಮಾರುವ ಮೇಜಿನ ಮುಂದೆ ನಿಂತರೆ ಕೈತುಂಬ ಕರಪತ್ರ ಸಿಗುತ್ತವೆ: ರಾಜಧಾನಿ ಬ್ರಿಡ್ಜ್‌ಟೌನ್ ಸಿಟಿ ಟೂರ್, ಎಸ್ಟೇಟಿನ ಹಳೇ ಬಂಗಲೆ, ರಮ್ ಕಾರ್ಖಾನೆ, ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ, ಶುಕ್ರವಾರದ ಮೀನೂಟ. ಎಲ್ಲದರ ಮೇಲೂ ‘ಅರ್ಧ ದಿನ’ ಎಂದೇ ಅಚ್ಚಾಗಿರುತ್ತದೆ. ಆದರೆ ಆ ಅರ್ಧ ದಿನದಲ್ಲಿ ವ್ಯಾನಿನಲ್ಲಿ ಕೂರುವುದು ಎಷ್ಟು, ನೋಡುವುದು ಎಷ್ಟು ಎನ್ನುವುದು ಒಂದೊಂದಕ್ಕೂ ಬೇರೆ. ಆರಿಸುವುದು ಕಷ್ಟವಾಗುವುದು ಅಲ್ಲೇ.

ಆರಿಸುವ ಮುನ್ನ ನೋಡಬೇಕಾದ್ದು

ಮೊದಲು ಗಂಟೆಯ ಲೆಕ್ಕ. ದ್ವೀಪ ಚಿಕ್ಕದು: ಉದ್ದ 34 ಕಿ.ಮೀ., ಅಗಲ 23 ಕಿ.ಮೀ. ನಕ್ಷೆ ನೋಡಿದವರಿಗೆ ಒಂದೇ ಬೆಳಿಗ್ಗೆ ಮೂರು ಕಡೆ ಮುಗಿಸಬಹುದು ಅನ್ನಿಸುವುದು ಸಹಜ. ಆಗುವುದಿಲ್ಲ. ಒಳನಾಡಿನ ರಸ್ತೆಗಳು ಕಿರಿದು, ಕಬ್ಬಿನ ಗದ್ದೆಗಳ ನಡುವೆ ಬಳಸಿ ಹೋಗುತ್ತವೆ. ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6ರವರೆಗೆ ಬ್ರಿಡ್ಜ್‌ಟೌನಿನ ಆಸುಪಾಸು ವಾಹನಗಳು ತೆವಳುತ್ತವೆ. ಇದರ ಮೇಲೆ ರೆಸಾರ್ಟಿನ ಟೂರು ಹಿಡಿದರೆ ವ್ಯಾನು ನಾಲ್ಕೈದು ಹೋಟೆಲುಗಳಲ್ಲಿ ನಿಂತು ಜನರನ್ನು ಹತ್ತಿಸಿಕೊಳ್ಳುತ್ತದೆ. ಐದು ಗಂಟೆಯ ಟೂರಿನಲ್ಲಿ ನಿಜವಾಗಿ ನೋಡಲು ಸಿಗುವುದು ಎರಡೂವರೆ ಗಂಟೆ ಎಂದಿಟ್ಟುಕೊಂಡರೆ ನಿರಾಸೆಯಾಗುವುದಿಲ್ಲ.

ಎರಡನೆಯದು ವಾರ. ಇಲ್ಲಿ ಎಡವುವವರೇ ಜಾಸ್ತಿ. ಭಾನುವಾರ ಬ್ರಿಡ್ಜ್‌ಟೌನ್ ಬಾಗಿಲು ಹಾಕಿಕೊಂಡ ಊರು. ಅಲ್ಲಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಬೇಕಾದರೆ ಸೋಮವಾರದಿಂದ ಶುಕ್ರವಾರದೊಳಗೆ ಹೋಗಬೇಕು. ಓವಲ್‌ನ ಒಳಗೆ ಬಿಡುವುದೂ ವಾರದ ದಿನಗಳಲ್ಲೇ, ಅದೂ ಪಂದ್ಯವಿಲ್ಲದಾಗ. ಏಪ್ರಿಲ್ 28, ಆಗಸ್ಟ್ 1, ನವೆಂಬರ್ 30 ರಾಷ್ಟ್ರೀಯ ರಜೆಗಳು; ಆಗಸ್ಟಿನ ಮೊದಲ ಸೋಮವಾರ ‘ಕ್ರಾಪ್ ಓವರ್’ ಹಬ್ಬದ ಕೊನೆಯ ದಿನ. ಆ ದಿನಗಳಲ್ಲಿ ಮ್ಯೂಸಿಯಂಗಳನ್ನು ನಂಬಿಕೊಂಡು ಹೊರಡಬೇಡಿ.

ಮೂರನೆಯದನ್ನು ಕರಪತ್ರ ಹೇಳುವುದಿಲ್ಲ: ಅಲ್ಲಿ ಕೇಳುವುದು ಯಾರ ಕತೆ? ಇಡೀ ದ್ವೀಪವನ್ನು ಕಟ್ಟಿದ್ದು ಸಕ್ಕರೆ, ಸಕ್ಕರೆಯನ್ನು ಬೆಳೆದದ್ದು ಆಫ್ರಿಕದಿಂದ ಹಡಗಿನಲ್ಲಿ ತಂದ ಗುಲಾಮರು. ಕೆಲವು ಕಡೆ ಯಜಮಾನನ ಪಿಂಗಾಣಿ ತಟ್ಟೆ ನೋಡಿ ಬರುತ್ತೀರಿ, ಕೆಲವು ಕಡೆ ಕಬ್ಬು ಕಡಿದವರ ಹೆಸರು ಕೇಳುತ್ತೀರಿ, ಎರಡೂ ಒಟ್ಟಿಗೆ ಸಿಗುವ ಜಾಗ ಕಡಿಮೆ. ಉಳಿದಂತೆ ಹಣ, ಬಿಸಿಲಿನಲ್ಲಿ ಎಷ್ಟು ನಡೆಯಬೇಕು, ಜೊತೆಯಲ್ಲಿ ಮಕ್ಕಳೋ ವಯಸ್ಸಾದವರೋ, ಸಸ್ಯಾಹಾರಿಗೆ ಏನು ಸಿಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು.

ಇನ್ನು ನೀವು ಉಳಿದಿರುವ ಕರಾವಳಿ. ದುಬಾರಿ ರೆಸಾರ್ಟುಗಳು ಪಶ್ಚಿಮದಲ್ಲಿ, ಹೋಲ್‌ಟೌನಿನ ಅಕ್ಕಪಕ್ಕ. ಮಧ್ಯಮ ದರದವು ದಕ್ಷಿಣದಲ್ಲಿ, ಸೇಂಟ್ ಲಾರೆನ್ಸ್ ಗ್ಯಾಪ್ ಸುತ್ತ. ಬ್ರಿಟಿಷರ ಹಳೆಯ ದಂಡು ಪ್ರದೇಶವಾದ ಗ್ಯಾರಿಸನ್ ದಕ್ಷಿಣದವರಿಗೆ ಹತ್ತಿರ, ಕಬ್ಬಿನ ಎಸ್ಟೇಟಾದ ಸೇಂಟ್ ನಿಕೋಲಸ್ ಆ್ಯಬಿ ಪಶ್ಚಿಮದವರಿಗೆ ಹತ್ತಿರ. ಗ್ಯಾಪ್‌ನಲ್ಲಿ ಉಳಿದು ಆ್ಯಬಿಗೆ ಹೊರಟರೆ ಅರ್ಧ ದಿನ ಮುಕ್ಕಾಲು ದಿನವಾಗುತ್ತದೆ.

ಬ್ರಿಡ್ಜ್‌ಟೌನ್ ಮತ್ತು ಗ್ಯಾರಿಸನ್

ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಎರಡನ್ನೂ ಒಟ್ಟಿಗೆ: ಹಳೆಯ ಬಂದರು ಪಟ್ಟಣ, ಅದರ ದಕ್ಷಿಣಕ್ಕೆ ಬ್ರಿಟಿಷರ ದಂಡು ಪ್ರದೇಶ. ಒಂದೇ ಕಡೆ ಹೋಗಲು ಸಾಧ್ಯ ಎನ್ನುವವರು ಮೊದಲು ಯೋಚಿಸಬೇಕಾದದ್ದು ಇದನ್ನೇ. ಕಾರಣ, ಇಲ್ಲಿ ಆಳಿದವರು, ದುಡಿದವರು, ದುಡ್ಡು ಮಾಡಿದವರು ಮೂವರೂ ಮೂರು ನಾಲ್ಕು ಕಿಲೋಮೀಟರಿನೊಳಗೆ ಸಿಗುತ್ತಾರೆ.

ಪಟ್ಟಣದ ಭಾಗಕ್ಕೆ ಒಂದೂವರೆ ಗಂಟೆ ಸಾಕು. ನಿದ್ಹೆ ಇಸ್ರಯೇಲ್ ಸಿನಗಾಗ್‌ನಿಂದ ಶುರು ಮಾಡುವುದು ಒಳ್ಳೆಯದು, ಬಿಸಿಲೇರುವ ಮೊದಲು ಅದರ ಅಂಗಳದ ಸಮಾಧಿಗಳ ನಡುವೆ ನಿಲ್ಲಬಹುದು. 1654ರ ಹೊತ್ತಿಗೆ ಇದನ್ನು ಕಟ್ಟಿದವರು ಬ್ರೆಜಿಲಿನ ರೆಸೀಫಿಯಿಂದ ಓಡಿಬಂದ ಯಹೂದಿಗಳು. ಕಬ್ಬು ಅರೆದು ಸಕ್ಕರೆ ಮಾಡುವ ವಿದ್ಯೆ ಈ ದ್ವೀಪಕ್ಕೆ ಬಂದದ್ದರಲ್ಲಿ ಅವರ ಪಾಲು ದೊಡ್ಡದು. 1831ರ ಚಂಡಮಾರುತಕ್ಕೆ ಕಟ್ಟಡ ಬಿತ್ತು, ಈಗಿನದು 1833ರದ್ದು. ಪಕ್ಕದಲ್ಲಿ 2008ರಲ್ಲಿ ಮಣ್ಣಿನಡಿ ಸಿಕ್ಕ ಸ್ನಾನದ ಕೊಳಕ್ಕೆ ಮೆಟ್ಟಿಲಿಳಿದು ಹೋಗಬೇಕು. ನೆಲದ ಒಳಗಿನ ಒರತೆಯೇ ಅದಕ್ಕೆ ನೀರು.

ಅಲ್ಲಿಂದ ಸ್ವಾನ್ ಸ್ಟ್ರೀಟ್ ಹಿಡಿದು ಇಳಿದರೆ ಐದು ಹತ್ತು ನಿಮಿಷದಲ್ಲಿ ರಾಷ್ಟ್ರವೀರರ ಚೌಕ. 1813ರಿಂದ ಇಲ್ಲಿ ನಿಂತಿದ್ದ ಬ್ರಿಟಿಷ್ ನೌಕಾ ಸೇನಾಪತಿ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಇಳಿಸಿದರು. ಮರುವರ್ಷ ನವೆಂಬರ್ 30ರಂದು ದೇಶ ಬ್ರಿಟನ್ ರಾಣಿಯನ್ನು ಬಿಟ್ಟು ಗಣರಾಜ್ಯವಾದದ್ದು ಇದೇ ಚೌಕದಲ್ಲಿ. ಎದುರಿಗೆ ಹವಳದ ಕಲ್ಲಿನ ಪಾರ್ಲಿಮೆಂಟ್; ಕಟ್ಟಡ 1870ರ ದಶಕದ್ದು, ಶಾಸನಸಭೆ ಮಾತ್ರ 1639ರಿಂದ ಇದೆ. ಪಕ್ಕದ ಕೆರೀನೇಜ್ ಹಿಂದೆ ಹಡಗುಗಳನ್ನು ಮಗ್ಗುಲಾಗಿ ಮಲಗಿಸಿ ತಳ ಕೆರೆದು ರಿಪೇರಿ ಮಾಡುತ್ತಿದ್ದ ಕೊಲ್ಲಿ. ಈಗ ದೋಣಿ, ಕಾಫಿ ಅಂಗಡಿ.

ಇಲ್ಲಿಂದ ಗ್ಯಾರಿಸನ್‌ಗೆ ಸುಮಾರು ಮೂರು ಕಿ.ಮೀ. ನಡೆಯಬಹುದು ಎಂದು ಕೆಲವು ಮಾರ್ಗದರ್ಶಿಗಳು ಬರೆಯುತ್ತವೆ. ಹತ್ತೂವರೆ ಗಂಟೆಯ ಬಿಸಿಲಲ್ಲಿ ಬೇ ಸ್ಟ್ರೀಟಿನ ಕಿರಿದಾದ ಕಾಲುದಾರಿಯಲ್ಲಿ ಅದು ಬೇಡ. ವ್ಯಾನೋ ಟ್ಯಾಕ್ಸಿಯೋ ಹಿಡಿಯಿರಿ, ನಡೆಯುವ ಶಕ್ತಿಯನ್ನು ಮ್ಯೂಸಿಯಂಗೆ ಉಳಿಸಿಕೊಳ್ಳಿ.

ಗ್ಯಾರಿಸನ್ ಎಂದರೆ ನಡುವೆ ಕುದುರೆ ರೇಸಿನ ದೊಡ್ಡ ಹುಲ್ಲುಮೈದಾನ, ಸುತ್ತ ಕೆಂಪು ಇಟ್ಟಿಗೆಯ ಸೇನಾ ಕಟ್ಟಡಗಳು. ನೋಡಬೇಕಾದವು ಎರಡು. ಬಾರ್ಬಡೋಸ್ ಮ್ಯೂಸಿಯಂ ಹಳೆಯ ಮಿಲಿಟರಿ ಜೈಲಿನಲ್ಲಿದೆ. ನಡುವೆ ಅಂಗಳ, ಸುತ್ತ ಕೋಣೆಗಳು, ಒಂದು ಕೈದಿಯ ಕೋಣೆಯನ್ನು ಹಾಗೆಯೇ ಇಟ್ಟಿದ್ದಾರೆ. ಎಸ್ಟೇಟಿನ ಬಂಗಲೆಯ ಪೀಠೋಪಕರಣವೂ ಗುಲಾಮರ ಬದುಕಿನ ದಾಖಲೆಯೂ ಒಂದೇ ಸೂರಿನಡಿ ಇರುವುದರಿಂದ ಇಲ್ಲಿ ಕಳೆಯುವ ಒಂದೂವರೆ ಗಂಟೆ ದ್ವೀಪದ ಬೇರೆ ಯಾವ ಜಾಗಕ್ಕೆ ಹೋದರೂ ಕೆಲಸಕ್ಕೆ ಬರುತ್ತದೆ. ಮ್ಯೂಸಿಯಂ ನೋಡದೆ ಎಸ್ಟೇಟ್ ನೋಡಿದವರಿಗೆ ಅದು ಬರೀ ಚಂದದ ಮನೆಯಾಗಿ ಕಾಣುವ ಅಪಾಯವಿದೆ.

ಎರಡನೆಯದು ಜಾರ್ಜ್ ವಾಷಿಂಗ್ಟನ್ ಹೌಸ್. ಮುಂದೆ ಅಮೆರಿಕದ ಮೊದಲ ಅಧ್ಯಕ್ಷನಾದವನು 1751ರಲ್ಲಿ, ಹತ್ತೊಂಬತ್ತರ ಪ್ರಾಯದಲ್ಲಿ, ಕ್ಷಯ ಹಿಡಿದಿದ್ದ ಅಣ್ಣ ಲಾರೆನ್ಸ್ ಜೊತೆ ಹವೆ ಬದಲಿಸಲು ಬಂದು ಎರಡು ತಿಂಗಳ ಹತ್ತಿರ ಇಲ್ಲಿದ್ದ. ಅಮೆರಿಕದ ನೆಲ ಬಿಟ್ಟು ಅವನು ಹೋದದ್ದು ಅದೊಂದೇ ಸಲ. ಬಂದವನಿಗೆ ಸಿಡುಬು ತಗಲಿತು, ವಾಸಿಯಾಗಿ ಮತ್ತೆಂದೂ ಬರದ ರಕ್ಷೆಯೂ ದಕ್ಕಿತು. ಮುಂದೆ ಯುದ್ಧದಲ್ಲಿ ಅವನ ಸೈನ್ಯ ಸಿಡುಬಿಗೆ ಸಿಕ್ಕಾಗ ಅವನಿಗೆ ಅದರ ಭಯವಿರಲಿಲ್ಲ. ಅಮೆರಿಕದ ಶಾಲೆಗೆ ಹೋಗುವ ಮಕ್ಕಳಿದ್ದರೆ ಈ ಮನೆ ಹಿಡಿಸುತ್ತದೆ. ಮನೆಯ ಕೆಳಗೆ 2011ರಲ್ಲಿ ಪತ್ತೆಯಾದ ಸೇನಾ ಸುರಂಗದಲ್ಲಿ ಒಂದು ತುಂಡನ್ನು ನಡೆದು ನೋಡಬಹುದು, ದೊಡ್ಡವರಿಗಿಂತ ಮಕ್ಕಳಿಗೆ ಅದೇ ಹೆಚ್ಚು ಇಷ್ಟ. ಮೊಣಕಾಲು ನೋವಿದ್ದವರು, ಇಕ್ಕಟ್ಟು ಆಗದವರು ಮೇಲೆಯೇ ಇರಲಿ.

ಗುರುವಾರ ಬೆಳಿಗ್ಗೆ ಮೇನ್ ಗಾರ್ಡ್ ಕಟ್ಟಡದ ಮುಂದೆ ಕಾವಲು ಬದಲಿಸುವ ಪುಟ್ಟ ಕವಾಯತು ನಡೆಯುವ ರೂಢಿ. ಹಳೆಯ ವೆಸ್ಟ್ ಇಂಡಿಯಾ ರೆಜಿಮೆಂಟಿನ ಝುವಾವ್ ಉಡುಪು (ಗಿಡ್ಡ ಕೋಟು, ದೊಗಳೆ ಚಲ್ಲಣ) ಕಣ್ಣಿಗೆ ಹಬ್ಬ. ಅದಕ್ಕಾಗಿಯೇ ಹೋಗುವುದಾದರೆ ಆ ವಾರ ಇದೆಯೇ ಎಂದು ಹಿಂದಿನ ದಿನ ಫೋನ್ ಮಾಡಿ ಕೇಳಿ. ಖರ್ಚಿನಲ್ಲಿ ಈ ಆಯ್ಕೆ ಅಗ್ಗ: ಪಟ್ಟಣದ ಬೀದಿಗಳಿಗೆ ಕಾಸಿಲ್ಲ, ಟಿಕೆಟ್ಟು ಬೇಕಾಗುವುದು ಸಿನಗಾಗ್, ಮ್ಯೂಸಿಯಂ, ವಾಷಿಂಗ್ಟನ್ ಮನೆಗೆ ಮಾತ್ರ. ಮೂರನ್ನೂ ಒಂದೇ ಬೆಳಿಗ್ಗೆ ತುರುಕಿದರೆ ಕೊನೆಯದನ್ನು ಓಡುತ್ತಾ ನೋಡಬೇಕಾಗುತ್ತದೆ, ಹಾಗಾಗಿ ಎರಡು ಆರಿಸಿ.

ಸೇಂಟ್ ನಿಕೋಲಸ್ ಆ್ಯಬಿ

ಹೆಸರಲ್ಲಿ ಆ್ಯಬಿ ಇದ್ದರೂ ಇಲ್ಲಿ ಎಂದೂ ಕ್ರೈಸ್ತ ಮಠ ಇರಲಿಲ್ಲ. 1658ರ ಸುಮಾರಿಗೆ ಕಟ್ಟಿದ ಕಬ್ಬಿನ ಎಸ್ಟೇಟಿನ ಮನೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಜಾಕೋಬಿಯನ್ ಶೈಲಿಯಲ್ಲಿ ಅಟ್ಲಾಂಟಿಕಿನ ಈ ಕಡೆ ಉಳಿದಿರುವ ಮೂರೇ ಮನೆಗಳಲ್ಲಿ ಒಂದು. ಇನ್ನೆರಡರಲ್ಲಿ ಡ್ರ್ಯಾಕ್ಸ್ ಹಾಲ್ ಇದೇ ದ್ವೀಪದಲ್ಲಿದೆ, ಆದರೆ ಅದು ಖಾಸಗಿ, ಸುಮ್ಮನೆ ಹೋಗಿ ನೋಡಲಾಗದು. ಮೂರನೆಯದು ಅಮೆರಿಕದ ವರ್ಜೀನಿಯದಲ್ಲಿ. ಇಲ್ಲಿ ಮಹಡಿಯ ಕೋಣೆಗಳಲ್ಲಿ ಬೆಂಕಿ ಕಾಯಿಸುವ ಒಲೆಗೂಡುಗಳಿವೆ. ವರ್ಷವಿಡೀ ಬೆವರುವ ದ್ವೀಪದಲ್ಲಿ ಅದು ಯಾಕೆ ಎಂದರೆ, ಇಂಗ್ಲೆಂಡಿನ ನಕ್ಷೆಯನ್ನೇ ತಂದು ಒಂದು ಗೆರೆಯೂ ಬದಲಿಸದೆ ಕಟ್ಟಿದರು ಎಂಬ ಮಾತಿದೆ.

ಮನೆ ಕಟ್ಟಿದ ಬೆರಿಂಜರ್ ಸತ್ತ ಮೇಲೆ ಅವನ ವಿಧವೆಯನ್ನು ಪಾಲುದಾರ ಜಾನ್ ಯೀಮನ್ಸ್ ಮದುವೆಯಾದ, ಮುಂದೆ ಕೆರೊಲಿನಾ ವಸಾಹತಿನ ಗವರ್ನರನೂ ಆದ. ಬೆರಿಂಜರ್ ಹೇಗೆ ಸತ್ತ ಎನ್ನುವುದನ್ನು ಗೈಡುಗಳು ರಸವತ್ತಾಗಿ ಹೇಳುತ್ತಾರೆ, ಕೇಳಿ ಆನಂದಿಸಿ. ಆದರೆ ಯೀಮನ್ಸ್‌ನಂಥವರ ಜೊತೆ ಬಾರ್ಬಡೋಸಿನ ಗುಲಾಮ ಪದ್ಧತಿಯೇ ಅಮೆರಿಕದ ದಕ್ಷಿಣಕ್ಕೆ ಹೋಯಿತು ಎನ್ನುವ ಮುಖ್ಯ ಮಾತನ್ನು ನೀವೇ ಕೇಳಿ ಹೊರಡಿಸಬೇಕಾಗಬಹುದು. 1661ರಲ್ಲಿ ಈ ದ್ವೀಪ ಮಾಡಿದ ಗುಲಾಮ ಕಾಯಿದೆಯ ಮಾದರಿಯನ್ನೇ ಕೆರೊಲಿನಾ ಹಿಡಿಯಿತು.

ಬಂಗಲೆಯ ಹಿಂದೆ 1890ರ ಉಗಿಯಂತ್ರದ ಗಾಣವಿದೆ, ಇಂಗ್ಲೆಂಡಿನ ಡರ್ಬಿಯಲ್ಲಿ ತಯಾರಾದದ್ದು. ಕಬ್ಬು ಕಟಾವಿನ ಕಾಲದಲ್ಲಿ, ಅಂದರೆ ಸುಮಾರಾಗಿ ಫೆಬ್ರುವರಿಯಿಂದ ಮೇ-ಜೂನ್ ತನಕ, ಅರೆಯುವ ದಿನ ಸಿಕ್ಕರೆ ಅದೃಷ್ಟ. ಉಳಿದ ತಿಂಗಳಲ್ಲಿ ಯಂತ್ರ ನಿಂತಿರುತ್ತದೆ. ಇವರ ರಮ್ಮು ಸಕ್ಕರೆ ಕಾರ್ಖಾನೆಯ ಕಾಕಂಬಿಯದಲ್ಲ, ಕಬ್ಬಿನ ಹಾಲನ್ನು ಕುದಿಸಿದ ಪಾಕದ್ದು. ರುಚಿ ನೋಡುವುದು ಟಿಕೆಟಿನಲ್ಲೇ ಸೇರಿರುತ್ತದೆ. ಕುಡಿಯದವರು ಪಾಕವನ್ನೇ ಕೇಳಿ, ಜೋನಿಬೆಲ್ಲ ತಿಂದು ಬೆಳೆದ ನಾಲಗೆಗೆ ಗುರುತು ಸಿಗುತ್ತದೆ.

ಮಕ್ಕಳಿದ್ದವರು ಇಲ್ಲಿಗೆ ಬರುವುದು ರೈಲಿಗೆ. ದ್ವೀಪಕ್ಕೆ 1881ರಿಂದ 1937ರವರೆಗೆ ನಿಜವಾದ ರೈಲಿತ್ತು; ಅದರ ನೆನಪಿಗೆ ಎಸ್ಟೇಟಿನವರು ಪುಟ್ಟ ಹಳಿ ಹಾಕಿ ಚೆರ್ರಿ ಟ್ರೀ ಹಿಲ್ ತನಕ ಓಡಿಸುತ್ತಾರೆ. ಮಹಾಗನಿ ಮರಗಳ ನಡುವಿನಿಂದ ಹೊರಬಿದ್ದಾಗ ಕೆಳಗೆ ಇಡೀ ಪೂರ್ವ ಕರಾವಳಿ ಕಾಣುತ್ತದೆ. ತುದಿಯಲ್ಲಿ ಎಂಜಿನ್ನನ್ನು ಟರ್ನ್‌ಟೇಬಲ್ ಮೇಲೆ ಕೈಯಿಂದ ನೂಕಿ ತಿರುಗಿಸುತ್ತಾರೆ. ಆದರೆ ರೈಲಿನ ಟಿಕೆಟ್ಟು ಬೇರೆ, ಅದು ಸೇರಿದರೆ ನಾಲ್ವರ ಕುಟುಂಬಕ್ಕೆ ಈ ಲೇಖನದ ಅತ್ಯಂತ ದುಬಾರಿ ಬೆಳಿಗ್ಗೆ ಇದೇ. ಕ್ರೂಸ್ ಹಡಗಿನ ಗುಂಪುಗಳು ಸೀಟು ಮೊದಲೇ ಹಿಡಿದಿರುತ್ತವೆ, ಹಾಗಾಗಿ ಹೊತ್ತನ್ನು ಬುಕ್ ಮಾಡದೆ ಹೋಗಬೇಡಿ. ಶನಿವಾರ ಹೋಗುವ ಯೋಚನೆಯಿದ್ದರೆ ತೆರೆದಿದೆಯೇ ಎಂದು ಮೊದಲೇ ನೋಡಿ.

ಹೋಲ್‌ಟೌನ್ ಕಡೆಯಿಂದ ಕಾರಿನಲ್ಲಿ ಮುಕ್ಕಾಲು ಗಂಟೆಯೊಳಗೆ ತಲಪಬಹುದು. ಬಸ್ಸಿನಲ್ಲಿ ಹೋಗುವ ಜಾಗವಲ್ಲ. ಸ್ವಂತ ಕಾರಿದ್ದರೆ ಗುಡ್ಡ ಇಳಿದು ಮಾರ್ಗನ್ ಲೂಯಿಸ್ ಗಾಳಿಗಿರಣಿಯನ್ನೂ ನೋಡಿ ಬನ್ನಿ. ಒಂದು ಕಾಲಕ್ಕೆ ದ್ವೀಪದ ತುಂಬ ಇದ್ದ ಕಬ್ಬಿನ ಗಾಳಿಗಾಣಗಳಲ್ಲಿ ರೆಕ್ಕೆ, ಯಂತ್ರ ಸಮೇತ ಉಳಿದದ್ದು ಇದು. ಒಳಗೆ ಬಿಡದ ದಿನವೂ ಹೊರಗಿನಿಂದ ನೋಡಲು ಹತ್ತು ನಿಮಿಷ ಸಾಕು.

ಕೆನ್ಸಿಂಗ್ಟನ್ ಓವಲ್

ಕ್ರಿಕೆಟ್ ಸಂಸ್ಕೃತಿಯೇ ಎಂದು ಕೇಳುವವರು ಈ ದ್ವೀಪಕ್ಕೆ ಬಂದಿಲ್ಲ. ವೆಸ್ಟ್ ಇಂಡೀಸಿನ ದಿಗ್ಗಜ ಬ್ಯಾಟ್ಸ್‌ಮನ್‌ಗಳಾದ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರೂ ಈ ಮೈದಾನದ ಆಸುಪಾಸಿನಲ್ಲೇ, 1924ರಿಂದ 1926ರ ನಡುವೆ ಹುಟ್ಟಿದವರು. ಹೊರಗೆ ಗ್ಯಾರಿ ಸೋಬರ್ಸ್ ಪ್ರತಿಮೆ. ಅವರು ಸರ್ಕಾರ ಅಧಿಕೃತವಾಗಿ ಘೋಷಿಸಿದ ರಾಷ್ಟ್ರವೀರರಲ್ಲಿ ಒಬ್ಬರು. ಮೈದಾನದ ಒಂದು ತುದಿಗೆ ಮಾಲ್ಕಂ ಮಾರ್ಷಲ್ ಹೆಸರು, ಇನ್ನೊಂದಕ್ಕೆ ಜೋಯೆಲ್ ಗಾರ್ನರ್ ಹೆಸರು.

ಕನ್ನಡಿಗನಿಗೆ ಇಲ್ಲಿ ಬೇರೆಯದೇ ಲೆಕ್ಕವಿದೆ. 1997ರ ಟೆಸ್ಟಿನಲ್ಲಿ ಗೆಲ್ಲಲು 120 ರನ್ ಬೇಕಿದ್ದ ಭಾರತ 81ಕ್ಕೆ ಮುಗಿದದ್ದು ಇಲ್ಲೇ. ಮೊದಲ ಇನಿಂಗ್ಸಿನಲ್ಲಿ ದ್ರಾವಿಡ್ 78 ಹೊಡೆದಿದ್ದರು. ಕುಂಬ್ಳೆ, ವೆಂಕಟೇಶ್ ಪ್ರಸಾದ್ ಆ ತಂಡದಲ್ಲಿದ್ದರು. 2024ರ ಜೂನ್ 29ರಂದು ದಕ್ಷಿಣ ಆಫ್ರಿಕವನ್ನು 7 ರನ್ನಿನಿಂದ ಸೋಲಿಸಿ ಭಾರತ ಟಿ20 ವಿಶ್ವಕಪ್ ಎತ್ತಿದಾಗ ಅದೇ ದ್ರಾವಿಡ್ ಕೋಚ್, ಅದು ಆ ಹುದ್ದೆಯಲ್ಲಿ ಅವರ ಕೊನೆಯ ಪಂದ್ಯ. ಕೊನೆಯ ಓವರಿನ ಮೊದಲ ಚೆಂಡಿಗೆ ಸೂರ್ಯಕುಮಾರ್ ಯಾದವ್ ಹಗ್ಗದಾಚೆ ಹೋಗಿ ಬಂದು ಹಿಡಿದ ಕ್ಯಾಚಿನ ಜಾಗ ತೋರಿಸಿ ಎಂದರೆ ಗೈಡಿಗೆ ಬೇರೆ ವಿವರಣೆ ಬೇಕಿಲ್ಲ. ಗೆದ್ದ ತಂಡ ಬೆರಿಲ್ ಚಂಡಮಾರುತದಿಂದ ಕೆಲವು ದಿನ ಇದೇ ದ್ವೀಪದಲ್ಲಿ ಸಿಕ್ಕಿಕೊಂಡಿತ್ತು.

ಮೈದಾನ ಸುತ್ತಲು ಒಂದು ಗಂಟೆ, ಹತ್ತಿರದ ಕ್ರಿಕೆಟ್ ಲೆಜೆಂಡ್ಸ್ ಮ್ಯೂಸಿಯಂಗೆ ಮುಕ್ಕಾಲು ಗಂಟೆ. ಅರ್ಧ ದಿನಕ್ಕೆ ಇದೊಂದೇ ಸಾಲದು. ಆದರೆ ಬ್ರಿಡ್ಜ್‌ಟೌನಿನ ಅಂಚಿನಲ್ಲೇ ಇರುವುದರಿಂದ ಪಟ್ಟಣದ ನಡಿಗೆಗೆ ಚೆನ್ನಾಗಿ ಹೊಂದುತ್ತದೆ. ಆಗ ಗ್ಯಾರಿಸನ್ ಬಿಡಬೇಕಾಗುತ್ತದೆ. ಮನೆಯಲ್ಲಿ ಕ್ರಿಕೆಟ್ ಹುಚ್ಚು ಒಬ್ಬರಿಗೇ ಇದ್ದರೆ ಉಳಿದವರಿಗೆ ಇದು ಖಾಲಿ ಕುರ್ಚಿಗಳ ಸಾಲು. ಅವರನ್ನು ಪಕ್ಕದ ಬೀದಿಯಲ್ಲಿರುವ ಗಾಯಕಿ ರಿಹಾನಾ ಬೆಳೆದ ಮನೆಯ ಕಡೆ ಕಳಿಸಬಹುದು. 2017ರಿಂದ ಆ ರಸ್ತೆಗೆ ಅವಳದೇ ಹೆಸರು.

ನ್ಯೂಟನ್ ಮತ್ತು ಗನ್ ಹಿಲ್

ಇದನ್ನು ಯಾವ ಟೂರಿನ ಮೇಜೂ ಮಾರುವುದಿಲ್ಲ, ನೀವೇ ಟ್ಯಾಕ್ಸಿಯವರೊಡನೆ ಮಾತಾಡಿಕೊಳ್ಳಬೇಕು. ಕ್ರೈಸ್ಟ್ ಚರ್ಚ್ ಎಂಬ ಪ್ಯಾರಿಷಿನ (ಇಲ್ಲಿನ ಜಿಲ್ಲೆ) ನ್ಯೂಟನ್ ಎಸ್ಟೇಟಿನಲ್ಲಿ ಸುಮಾರು 1660ರಿಂದ 1820ರವರೆಗೆ 570ರಷ್ಟು ಗುಲಾಮರನ್ನು ಹೂಳಿದ ನೆಲವಿದೆ. 1970ರ ದಶಕದ ಆರಂಭದಲ್ಲಿ ಪುರಾತತ್ವಜ್ಞರು ಅಗೆದಾಗ ಒಬ್ಬ ಮುದುಕನ ಅಸ್ಥಿಯ ಕೊರಳಲ್ಲಿ ಸರವೊಂದು ಸಿಕ್ಕಿತು: ಕವಡೆ, ತೂತು ಕೊರೆದ ನಾಯಿಹಲ್ಲು, ಮೀನಿನ ಬೆನ್ನೆಲುಬಿನ ತುಂಡು, ಗಾಜಿನ ಮಣಿ, ನಡುವೆ ಕೆಂಪು ಕಾರ್ನೆಲಿಯನ್ ಮಣಿ. ಆತ ನಾಟಿ ವೈದ್ಯನಿರಬೇಕು, ಆ ಕೆಂಪು ಮಣಿ ಗುಜರಾತಿನ ಖಂಭಾತಿನಲ್ಲಿ ತಯಾರಾಗಿ ಆಫ್ರಿಕದ ದಾರಿಯಲ್ಲಿ ಇಲ್ಲಿಗೆ ಬಂದಿರಬೇಕು ಎಂದು ವಿದ್ವಾಂಸರ ಊಹೆ.

ಸ್ಥಳಕ್ಕೆ ಹೋದರೆ ಕಾಣುವುದು ಕಬ್ಬಿನ ಗದ್ದೆಯ ಪಕ್ಕದ ಹುಲ್ಲಿನ ಇಳಿಜಾರು, ಅಷ್ಟೇ. ಏನನ್ನೂ ಓದದೆ ಹೋದವರು ಹತ್ತು ನಿಮಿಷದಲ್ಲಿ ಕಾರು ಹತ್ತುತ್ತಾರೆ. ಹಾಗಾಗಿ ಮ್ಯೂಸಿಯಂ ನೋಡಿದ ಮೇಲೆ ಎರಡನೆಯ ಬೆಳಿಗ್ಗೆಗೆ ಇದನ್ನು ಇಟ್ಟುಕೊಳ್ಳುವುದು ಮೇಲು. ಅಲ್ಲಿಂದ ಒಳನಾಡಿಗೆ ಹೊರಟರೆ ಹೆದ್ದಾರಿಯ ವೃತ್ತದಲ್ಲಿ ಸರಪಳಿ ಹರಿದ ಆಳೆತ್ತರದ ಪ್ರತಿಮೆ, ಜನರ ಬಾಯಲ್ಲಿ ‘ಬುಸ್ಸಾ’. 1816ರ ಏಪ್ರಿಲ್ 14ರಂದು ಶುರುವಾದ ಗುಲಾಮರ ಬಂಡಾಯದ ನಾಯಕನ ಹೆಸರು ಅದು. ಆ ಬಂಡಾಯಕ್ಕೆ ಬೆದರಿದ ಬ್ರಿಟಿಷರು ದ್ವೀಪದ ಉದ್ದಕ್ಕೂ ಬಾವುಟದ ಸಂಕೇತ ಕಳಿಸುವ ಗೋಪುರಗಳನ್ನು ಕಟ್ಟಿದರು, 1818ರ ಗನ್ ಹಿಲ್ ಅದರಲ್ಲೊಂದು. ಕೆಳಗೆ ಒಬ್ಬ ಸೇನಾಧಿಕಾರಿ 1868ರಲ್ಲಿ ಕಡೆದ ಬಿಳಿ ಸಿಂಹವೇ ಫೋಟೊಗಳಲ್ಲಿ ಕಾಣುವುದು. ಸಿಂಹಕ್ಕಿಂತ ಮೇಲಿನ ಗಾಳಿ, ನೋಟ ಚೆನ್ನ. ಇಲ್ಲಿ ಟಿಕೆಟ್ಟಿನ ಖರ್ಚು ಕಡಿಮೆ, ಟ್ಯಾಕ್ಸಿಯದು ಹೆಚ್ಚು.

ಹೋಲ್‌ಟೌನ್, ರಮ್, ಆಯ್ಸ್ಟಿನ್ಸ್

ಹೋಲ್‌ಟೌನ್ ಸುತ್ತ ಉಳಿದವರಿಗೆ ಕಾಸಿಲ್ಲದ ಆಯ್ಕೆ ಕಾಲಬುಡದಲ್ಲೇ ಇದೆ. 1627ರ ಫೆಬ್ರುವರಿ 17ರಂದು ಇಂಗ್ಲಿಷ್ ವಲಸಿಗರು, ಜೊತೆಗೆ ದಾರಿಯಲ್ಲಿ ಸೆರೆಹಿಡಿದ ಹತ್ತು ಆಫ್ರಿಕನ್ನರು, ಇಳಿದದ್ದು ಇಲ್ಲಿ. ಪೊಲೀಸ್ ಠಾಣೆಯ ಬಳಿಯ ಸ್ಮಾರಕದ ಮೇಲೆ ಇಂಗ್ಲಿಷರು ಬಂದದ್ದು 1605 ಎಂದು ಕೆತ್ತಿದ್ದಾರೆ. ಅದು ತಪ್ಪು, 1625 ಆಗಬೇಕು. ಸೇಂಟ್ ಜೇಮ್ಸ್ ಚರ್ಚಿನಲ್ಲಿ 1696ರ ಗಂಟೆ ಇದೆ. ಎಲ್ಲ ಸೇರಿ ಒಂದು ಗಂಟೆ. ಸ್ಪೈಟ್ಸ್‌ಟೌನಿಗೆ ಬಸ್ಸು ಹಿಡಿದು ಆರ್ಲಿಂಗ್ಟನ್ ಹೌಸ್ ಮ್ಯೂಸಿಯಂ ಸೇರಿಸಿಕೊಂಡರೆ ಮಧ್ಯಾಹ್ನದೊಳಗೆ ವಾಪಸು. ಭಾನುವಾರ ಬೇಡ.

ರಮ್ಮಿನ ವಿಷಯದಲ್ಲಿ ಒಂದೇ ಎಚ್ಚರಿಕೆ. 1703ರ ದಾಖಲೆಪತ್ರದ ಹೆಗ್ಗಳಿಕೆಯ ಮೌಂಟ್ ಗೇ ಕಂಪನಿಯ ಪ್ರವಾಸಿ ಕೇಂದ್ರ ಬ್ರಿಡ್ಜ್‌ಟೌನ್ ಪಕ್ಕದಲ್ಲಿದೆ, ಭಟ್ಟಿ ಇಳಿಸುವ ಜಾಗ ಉತ್ತರದ ಸೇಂಟ್ ಲೂಸಿಯಲ್ಲಿದೆ. ಮೊದಲನೆಯ ಕಡೆ ವಿಡಿಯೊ, ವಿವರಣೆ, ರುಚಿ. ಯಂತ್ರ, ಭಟ್ಟಿ ನೋಡಬೇಕೆಂದು ಅಲ್ಲಿ ಟಿಕೆಟ್ ಕೊಂಡವರು ಬೇಸರಪಡುತ್ತಾರೆ. ಕಾರ್ಖಾನೆಯನ್ನೇ ನೋಡಬೇಕಾದರೆ ಸೇಂಟ್ ಫಿಲಿಪ್‌ನ ಫೋರ್‌ಸ್ಕ್ವೇರ್ ಉತ್ತಮ.

ಬೆಳಿಗ್ಗೆ ಬಿಡುವಿಲ್ಲದವರಿಗೆ ಶುಕ್ರವಾರ ಸಂಜೆ ಆಯ್ಸ್ಟಿನ್ಸ್ ಇದೆ. ಮೀನುಗಾರರ ಊರಿನ ಗೂಡಂಗಡಿಗಳ ಸಾಲು, ಕೆಂಡದ ಮೇಲೆ ಮಾರ್ಲಿನ್, ಟ್ಯೂನಾ, ಹಾರುಮೀನು, ಒಂದು ಕಡೆ ಡೊಮಿನೊ ಬಡಿಯುವ ಸದ್ದು, ಇನ್ನೊಂದು ಕಡೆ ಹಳೆಯ ಹಾಡಿಗೆ ಕುಣಿಯುವ ಹಿರಿಯರು. ಆರೂವರೆಗೆ ತಲಪಿದರೆ ಬೆಂಚು ಸಿಗುತ್ತದೆ, ಎಂಟಕ್ಕೆ ಹೋದರೆ ಊಟಕ್ಕೆ ಮುಕ್ಕಾಲು ಗಂಟೆ ಕಾಯಬೇಕಾಗುತ್ತದೆ. ಬೋರ್ಡಿನಲ್ಲಿ ‘ಡಾಲ್ಫಿನ್’ ಕಂಡು ಗಾಬರಿಯಾಗಬೇಡಿ, ಅದು ಮಾಹಿಮಾಹಿ ಮೀನು.

ಸಸ್ಯಾಹಾರಿಗಳು ಮಾತ್ರ ಸ್ವಲ್ಪ ಹುಷಾರಾಗಿರಬೇಕು. ಅನ್ನದ ಜೊತೆ ಬೇಯಿಸುವ ಕಾಳು ಹೆಚ್ಚಾಗಿ ನಮ್ಮ ತೊಗರಿಯೇ, ಆದರೆ ಉಪ್ಪು ಹಾಕಿದ ಹಂದಿಮಾಂಸದ ಚೂರು ಸೇರಿಸುವುದುಂಟು, ಕೇಳಿಯೇ ತಿನ್ನಿ. ಮೆಕರೋನಿ ಪೈ ಚೀಸಿನದು, ಮೊಟ್ಟೆ ಇರಬಹುದು. ಹುರಿದ ಬಾಳೆ, ದೀವಿಹಲಸು ಧೈರ್ಯವಾಗಿ ತಿನ್ನಬಹುದು, ಮೀನು ಕರಿದ ಎಣ್ಣೆ ಆಗದವರು ಅದನ್ನೂ ವಿಚಾರಿಸಿ. ಇಲ್ಲಿನ ರಾಷ್ಟ್ರೀಯ ತಿನಿಸಿನ ಅರ್ಧ ಭಾಗವಾದ ಕೂಕೂ ಮಾಡುವುದನ್ನು ನೋಡಿದರೆ ಹಳೇ ಮೈಸೂರಿನವರಿಗೆ ಬೇರೆ ಪರಿಚಯ ಬೇಡ: ಬೆಂಡೆಕಾಯಿ ಬೇಯಿಸಿದ ನೀರಿಗೆ ಮೆಕ್ಕೆಜೋಳದ ಹಿಟ್ಟು ಹಾಕಿ, ಚಪ್ಪಟೆ ಮರದ ಕೋಲಿನಿಂದ ಗಂಟಾಗದಂತೆ ತಿರುವಿ, ಬೆಣ್ಣೆ ಸವರಿದ ಬಟ್ಟಲಲ್ಲಿ ಕವುಚುವುದು ರಾಗಿಮುದ್ದೆಯ ಹಾಗೆಯೇ. ಮೇಲೆ ಹಾರುಮೀನಿನ ಸಾರು ಬೇಡ ಎಂದರೆ ಬರೀ ಕೂಕೂ ಕೊಡುತ್ತಾರೆ, ಆದರೆ ನಂಚಿಕೊಳ್ಳಲು ಏನೂ ಇರುವುದಿಲ್ಲ.

ಹೋಗುವುದು ಹೇಗೆ

ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, ಈ ದರ ದಶಕಗಳಿಂದ ಬದಲಾಗಿಲ್ಲ. ಅಮೆರಿಕನ್ ನೋಟು ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ಸ್ಥಳೀಯ ಹಣದಲ್ಲಿ ಬರುತ್ತದೆ. ಬೆಲೆ ಕೇಳುವಾಗ ಯಾವ ಡಾಲರ್ ಎಂದು ಕೇಳದಿದ್ದರೆ ಎರಡು ಪಟ್ಟು ಕೊಟ್ಟು ಬರುತ್ತೀರಿ.

ಬಸ್ಸಿಗೆ ದೂರ ಎಷ್ಟಾದರೂ 3.50 ಬಾರ್ಬಡೋಸ್ ಡಾಲರ್. ನೀಲಿ ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ಕೊಡುವುದಿಲ್ಲ. ಹಳದಿ ಮಿನಿಬಸ್ಸು ಮತ್ತು ಬಿಳಿ ‘ಝೆಡ್ಆರ್’ ವ್ಯಾನುಗಳಲ್ಲಿ ಕೊಡುತ್ತಾರೆ, ಜೊತೆಗೆ ಕಿವಿಗಡಚಿಕ್ಕುವ ಹಾಡೂ ಇರುತ್ತದೆ. ನಿಲ್ದಾಣದ ಕಂಬದ ಮೇಲೆ ‘ಟು ಸಿಟಿ’ ಎಂದಿದ್ದರೆ ಬ್ರಿಡ್ಜ್‌ಟೌನ್ ಕಡೆ, ‘ಔಟ್ ಆಫ್ ಸಿಟಿ’ ಎಂದಿದ್ದರೆ ಆಚೆ ಕಡೆ. ದಕ್ಷಿಣದವರಿಗೆ 11ನೇ ನಂಬರಿನ ವ್ಯಾನು ಬ್ರಿಡ್ಜ್‌ಟೌನಿಗೂ ಆಯ್ಸ್ಟಿನ್ಸಿಗೂ ಸಾಕು. ಟ್ಯಾಕ್ಸಿಗೆ ಮೀಟರಿಲ್ಲ, ಹತ್ತುವ ಮೊದಲೇ ದರ ಮಾತಾಡಿ. ಎರಡು ಮೂರು ಕಡೆ ಹೋಗುವುದಿದ್ದರೆ ಗಂಟೆ ಲೆಕ್ಕದಲ್ಲಿ ಗೊತ್ತು ಮಾಡಿ. ನಾಲ್ವರಿದ್ದರೆ ಅದು ರೆಸಾರ್ಟಿನ ತಲೆಗಿಷ್ಟು ಎಂಬ ಟೂರಿಗಿಂತ ಹೆಚ್ಚಾಗುವುದು ಕಡಿಮೆ, ಹೋಟೆಲು ಹೋಟೆಲು ಸುತ್ತುವ ಒಂದು ಗಂಟೆಯೂ ಉಳಿಯುತ್ತದೆ. ಕಾರು ಬಾಡಿಗೆಗೆ ತೆಗೆದರೆ ನಮ್ಮಲ್ಲಿನಂತೆ ರಸ್ತೆಯ ಎಡಬದಿ. ಪ್ರವಾಸಿಗೆ ಬೇಕಾದ ಸ್ಥಳೀಯ ಪರವಾನಗಿಯನ್ನು ಬಾಡಿಗೆ ಕೊಡುವವರೇ ಮಾಡಿಸಿಕೊಡುತ್ತಾರೆ.

ಹಾಗಾದರೆ ಯಾವುದು?

ಮೊದಲ ಸಲ ಬಂದವರು, ಒಂದೇ ಬೆಳಿಗ್ಗೆ ಇರುವವರು: ಯಾವ ಕರಾವಳಿಯಲ್ಲಿದ್ದರೂ ಬ್ರಿಡ್ಜ್‌ಟೌನ್, ಗ್ಯಾರಿಸನ್, ಸಾಧ್ಯವಾದರೆ ಗುರುವಾರ. ಕೈ ಬಿಗಿಯಿದ್ದರೂ ಉತ್ತರ ಅದೇ, ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ಬರಲು ಒಬ್ಬರಿಗೆ 7 ಬಾರ್ಬಡೋಸ್ ಡಾಲರ್ ಸಾಕು. ಹತ್ತು ವರ್ಷದೊಳಗಿನ ಮಕ್ಕಳಿದ್ದು ಪಶ್ಚಿಮದಲ್ಲಿ ಉಳಿದಿದ್ದರೆ ಖರ್ಚಿಗೆ ಹಿಂಜರಿಯದೆ ಆ್ಯಬಿಯ ರೈಲು. ಅವರೇ ದಕ್ಷಿಣದಲ್ಲಿದ್ದರೆ ವಾಷಿಂಗ್ಟನ್ ಮನೆಯ ಸುರಂಗ ಸಾಕು. ಹೆಚ್ಚು ನಡೆಯಲಾಗದ ಅಪ್ಪ ಅಮ್ಮನಿಗೆ ಆ್ಯಬಿಯೇ ಅನುಕೂಲ: ಕಾರು ಬಾಗಿಲ ತನಕ ಹೋಗುತ್ತದೆ, ನೆರಳಿದೆ, ಮಹಡಿ ಹತ್ತುವ ಒತ್ತಾಯವಿಲ್ಲ. ಕ್ರಿಕೆಟಿನವರಿಗೆ ಓವಲ್, ಸಿನಗಾಗ್, ಕೆರೀನೇಜ್ ಸೇರಿ ಒಂದು ಬೆಳಿಗ್ಗೆ. ಭಾನುವಾರ ಬಿಟ್ಟರೆ ಬೇರೆ ದಿನವಿಲ್ಲದವರು ಆ್ಯಬಿಯತ್ತ ನೋಡಲಿ.

ಯಾವುದನ್ನು ಆರಿಸಿದರೂ ಹಿಂದಿನ ರಾತ್ರಿ ಬಂದರಿನ ಕ್ರೂಸ್ ಹಡಗುಗಳ ವೇಳಾಪಟ್ಟಿ ನೋಡಿ. ಡಿಸೆಂಬರಿನಿಂದ ಏಪ್ರಿಲ್ ತನಕ ಒಂದೇ ದಿನ ಮೂರು ನಾಲ್ಕು ಹಡಗು ಬರುವುದಿದೆ. ಆ ದಿನ ಆ್ಯಬಿ, ರಮ್ ಕೇಂದ್ರ ಎರಡೂ ತುಂಬಿರುತ್ತವೆ, ಗ್ಯಾರಿಸನ್ ಅಷ್ಟಾಗಿ ಅಲ್ಲ. ಚೀಲದಲ್ಲಿ ನೀರಿನ ಬಾಟಲಿ ಇರಲಿ, ನಲ್ಲಿ ನೀರು ಕುಡಿಯಲು ಯೋಗ್ಯ. ಮಿಲಿಟರಿಯ ಚುಕ್ಕೆ ಬಣ್ಣದ ಟೋಪಿ, ಚಡ್ಡಿ, ಬ್ಯಾಗು ಮಾತ್ರ ಕೋಣೆಯಲ್ಲೇ ಬಿಡಿ: ಅದನ್ನು ಸೇನೆಯವರಲ್ಲದವರು ತೊಡುವುದು ಇಲ್ಲಿ ಕಾನೂನಿಗೆ ವಿರುದ್ಧ, ಮಕ್ಕಳಿಗೂ ರಿಯಾಯಿತಿಯಿಲ್ಲ.